"ಸಾರಿ" ಎಂದದ್ದು ಕೇಳಿಸಿಕೊಂಡು ಸುಮ್ಮನಾಗಬೇಡಿ: ಇಂಗ್ಲೆಂಡಿನ ಕೌನ್ಸಿಲ್‌ಗೆ ಆರೈಕೆಯ ದೂರು ಬರೆಯುವ ಬಗೆ

ನಮ್ಮ ಅಡುಗೆಮನೆ ಗೋಡೆಯ ಮೇಲೆ ಒಂಟಿಕೊಪ್ಪಲ್ ಕ್ಯಾಲೆಂಡರ್ ಇದೆ. ಪ್ರತಿ ವರ್ಷ ಮೈಸೂರಿಂದ ಬರುವ ಯಾರದೋ ಸೂಟ್‌ಕೇಸಿನಲ್ಲಿ ಸುರುಳಿ ಸುತ್ತಿಕೊಂಡು ಬರುತ್ತದೆ. ಅತ್ತೆ ಅದರಲ್ಲಿ ಏಕಾದಶಿ, ಸಂಕಷ್ಟಿ ನೋಡುತ್ತಾರೆ, ಔಷಧಿ ಮುಗಿಯುವ ದಿನ ಗುರುತು ಹಾಕುತ್ತಾರೆ. ಎರಡು ವರ್ಷದ ಹಿಂದೆ ಒಂದು ದಿನ ತಾರೀಕುಗಳ ಪಕ್ಕ ಪೆನ್ಸಿಲ್‌ನಲ್ಲಿ ಬರೆದ ಬೇರೆ ಅಂಕಿಗಳು ಕಂಡವು. 9.50–10.10. 10.40–10.55. 9.35–9.50.

"ಇದೇನತ್ತೆ?" ಅಂದೆ.

"ಆ ಹುಡುಗಿ ಬಂದು ಹೋಗೋ ಹೊತ್ತು ಕಣೇ. ಬಿಲ್ಲಲ್ಲಿ ಮುಕ್ಕಾಲು ಗಂಟೆ ಅಂತ ಹಾಕ್ತಾರಲ್ಲ, ನಮ್ಮದೂ ಒಂದು ಲೆಕ್ಕ ಇರಲಿ ಅಂತ."

ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಗೊತ್ತುಮಾಡಿದ ಏಜೆನ್ಸಿಯ ಕೇರರ್ ಬೆಳಿಗ್ಗೆ ಎಂಟಕ್ಕೆ ಬಂದು, ಸ್ನಾನ ಮಾಡಿಸಿ, ಬಟ್ಟೆ ಹಾಕಿಸಿ, ತಿಂಡಿ ಕೊಟ್ಟು, ಮಾತ್ರೆ ನುಂಗಿಸಿ ಹೋಗಬೇಕು. ಕೇರ್ ಪ್ಲಾನಿನಲ್ಲಿ 45 ನಿಮಿಷ ಎಂದಿದೆ. ಅತ್ತೆಗೆ ಸಕ್ಕರೆ ಕಾಯಿಲೆ. ಹತ್ತೂಮುಕ್ಕಾಲಿನವರೆಗೆ ತಿಂಡಿ ಇಲ್ಲದಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನಾವಿಬ್ಬರೂ ಏಳಕ್ಕೆಲ್ಲ ಕೆಲಸಕ್ಕೆ ಹೊರಟಿರುತ್ತೇವೆ.

ನಾನು ಏಜೆನ್ಸಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಸಾರಿ ಅಂದರು. ಮೂರು ದಿನ ಎಂಟಕ್ಕೆ ಸರಿಯಾಗಿ ಬೆಲ್ ಆಯಿತು, ನಾಲ್ಕನೆಯ ದಿನ ಮತ್ತೆ ಹತ್ತು ಗಂಟೆ. ಎರಡನೆಯ ಸಲ ಫೋನ್ ಬಿಟ್ಟು ಕೌನ್ಸಿಲ್‌ಗೆ ಬರೆದೆ. ಆ ದೂರಿನಿಂದ ಅತ್ತೆಗೆ ಸ್ವಲ್ಪ ಹಣ ವಾಪಸ್ ಬಂತು. ಅದಕ್ಕಿಂತ ಮುಖ್ಯವಾಗಿ, ಕೌನ್ಸಿಲ್ ಬಿಲ್ ಹಾಕುವ ರೀತಿಯೇ ನಮ್ಮೂರಿನ ಎಲ್ಲರಿಗೂ ಬದಲಾಯಿತು. ಮೊದಲನೆಯದಕ್ಕೂ ಎರಡನೆಯದಕ್ಕೂ ಇದ್ದ ವ್ಯತ್ಯಾಸ ನನ್ನ ಸಿಟ್ಟಿನದಲ್ಲ, ಎರಡು ಸಲವೂ ಅದು ಅಷ್ಟೇ ಇತ್ತು. ನಾನು ಕೇಳಿದ್ದು ಬೇರೆ, ಕೇಳಿದ ಜಾಗವೂ ಬೇರೆ.

1960–70ರ ದಶಕದಲ್ಲಿ ಬಂದು ಎನ್‌ಎಚ್‌ಎಸ್‌ನಲ್ಲಿ (ಸರ್ಕಾರಿ ಆರೋಗ್ಯ ಸೇವೆಯಲ್ಲಿ) ದುಡಿದ ನಮ್ಮ ಕಡೆಯ ಡಾಕ್ಟರುಗಳಿಗೇ ಈಗ ಎಂಬತ್ತು ದಾಟಿದೆ. ಹಾಗಾಗಿ ಈ ವಿಷಯ ನಮ್ಮವರ ಮನೆಗಳಿಗೂ ಬಂದಿದೆ. ಇಲ್ಲಿ ಬರೆದಿರುವುದು ಇಂಗ್ಲೆಂಡಿನ ನಿಯಮ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಕಾನೂನೂ ಬೇರೆ, ಕೊನೆಯ ಹಂತದಲ್ಲಿ ದೂರು ವಿಚಾರಿಸುವ ಓಂಬುಡ್ಸ್‌ಮನ್ನೂ ಬೇರೆ. ಸ್ಕಾಟ್ಲೆಂಡಿನಲ್ಲಿ ದೂರು ಕೊಡಲು ಸಾಮಾನ್ಯವಾಗಿ ಆರು ತಿಂಗಳಷ್ಟೇ ಸಮಯ ಎಂಬುದನ್ನು ಅಲ್ಲಿರುವವರು ನೆನಪಿಡಿ.

ಮೊದಲು: ಇದು ದೂರೋ, ಅಪಾಯವೋ?

ಹೊಡೆತ, ಬೈಗುಳ, ಹಣ ಕದಿಯುವುದು, ಊಟ ನೀರು ಕೊಡದೆ ಬಿಡುವುದು, ಮೈಮೇಲೆ ಕಾರಣ ಹೇಳದ ಗಾಯ ಇವಕ್ಕೆಲ್ಲ ದೂರು ಬರೆಯುತ್ತ ಕೂರಬೇಡಿ. ಕೌನ್ಸಿಲ್‌ನ ಅಡಲ್ಟ್ ಸೇಫ್‌ಗಾರ್ಡಿಂಗ್ (ದೊಡ್ಡವರ ರಕ್ಷಣೆಯ) ತಂಡಕ್ಕೆ ಅವತ್ತೇ ಫೋನ್ ಮಾಡಿ. ತಕ್ಷಣದ ಅಪಾಯವಿದ್ದರೆ 999. ಕೇರ್ ಆಕ್ಟ್ 2014ರ 42ನೇ ಸೆಕ್ಷನ್ ಪ್ರಕಾರ ವಿಚಾರಣೆ ನಡೆಸುವುದು ಕೌನ್ಸಿಲ್‌ನ ಕರ್ತವ್ಯ. ದೂರನ್ನು ಆಮೇಲೆ ಕೊಡಬಹುದು, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಉಳಿದದ್ದೆಲ್ಲ ದೂರಿಗೆ ಸೇರುತ್ತದೆ. ಅಸೆಸ್‌ಮೆಂಟ್ (ಯಾರಿಗೆ ಎಷ್ಟು ಆರೈಕೆ ಬೇಕೆಂದು ಕೌನ್ಸಿಲ್ ನೋಡುವುದು) ತಿಂಗಳುಗಟ್ಟಲೆ ತಡವಾಗುವುದು, ವಿವರಿಸದೆ ಗಂಟೆ ಕಡಿತ ಮಾಡುವುದು, ನೋಡಿಕೊಳ್ಳುತ್ತಿರುವ ಮಗಳಿಗೋ ಸೊಸೆಗೋ ಅವರ ಸ್ವಂತ ಅಗತ್ಯ ನೋಡುವ ಕೇರರ್ಸ್ ಅಸೆಸ್‌ಮೆಂಟ್ ಇದೆ ಎಂದೇ ಹೇಳದಿರುವುದು, ತಪ್ಪು ಬಿಲ್. ಕೇರ್ ಹೋಮಿನ ಟಾಪ್-ಅಪ್ (ಕೌನ್ಸಿಲ್ ಕೊಡುವುದರ ಮೇಲೆ ಮನೆಯವರು ಕೊಡುವ ಹಣ) ಕೂಡ ಸಾಮಾನ್ಯ ತಕರಾರು. ಹಣದ ಹೊಣೆ ಕೌನ್ಸಿಲ್‌ನದಾಗಿದ್ದಾಗ, ಅದು ಗೊತ್ತುಮಾಡಿದ ಬಜೆಟ್ಟಿನೊಳಗೆ ಸಿಗುವ, ಅಗತ್ಯಕ್ಕೆ ಹೊಂದುವ ಒಂದು ಕೇರ್ ಹೋಮನ್ನಾದರೂ ತೋರಿಸಬೇಕು. ಅದನ್ನು ಬಿಟ್ಟು ಹೆಚ್ಚು ದುಡ್ಡಿನದನ್ನು ನೀವೇ ಆರಿಸಿಕೊಂಡರೆ ಮಾತ್ರ ಟಾಪ್-ಅಪ್. "ಇರೋದು ಇದೊಂದೇ, ವಾರಕ್ಕೆ ಇಷ್ಟು ಮೇಲೆ ಕೊಡಿ" ಎಂದರೆ ಅಲ್ಲೇ ನಿಲ್ಲಿಸಿ, ಬರವಣಿಗೆಯಲ್ಲಿ ಕೊಡಿ ಎನ್ನಿ.

ಊಟದ ವಿಷಯವೂ ದೂರಿನ ವಿಷಯವೇ. ಕೇರ್ ಹೋಮಿನಲ್ಲಿ ಸಸ್ಯಾಹಾರಿ ಅಜ್ಜಿಯ ತಟ್ಟೆಗೆ ಆಮ್ಲೆಟ್ ಇಟ್ಟು "ಮೀಟ್ ಅಲ್ಲವಲ್ಲ" ಅನ್ನುವವರನ್ನು ಕಂಡಿದ್ದೇನೆ. ಕೇರ್ ಕೊಡುವ ಸಂಸ್ಥೆಗಳಿಗಿರುವ 2014ರ ನಿಯಮಗಳಲ್ಲಿ 14ನೆಯದು ಧರ್ಮ, ಸಂಸ್ಕೃತಿಗೆ ಸಂಬಂಧಿಸಿದ ಊಟದ ನ್ಯಾಯವಾದ ಬೇಡಿಕೆಗಳನ್ನು ಪೂರೈಸಬೇಕು ಎನ್ನುತ್ತದೆ. ಕೇರ್ ಪ್ಲಾನಿನಲ್ಲಿ ಬರೀ "ವೆಜಿಟೇರಿಯನ್" ಎಂದಿದ್ದರೆ ಮೊಟ್ಟೆ ಬರುತ್ತದೆ. "ಮೊಟ್ಟೆ ಇಲ್ಲ, ಮೀನಿಲ್ಲ, ಮಾಂಸದ ಗ್ರೇವಿ ಇಲ್ಲ" ಎಂದು ಬಿಡಿಸಿ ಬರೆಸಿ. ಬರೆಸಿದ ಮೇಲೂ ತಪ್ಪಿದರೆ ದೂರಿಗೆ ಗಟ್ಟಿ ನೆಲ ಸಿಕ್ಕಂತೆ.

ಯಾರ ಬಾಗಿಲು ತಟ್ಟಬೇಕು

ಹೆಚ್ಚಿನವರು ಎಡವುವುದು ಇಲ್ಲೇ. ಕೌನ್ಸಿಲ್ ಕೇಳಿದರೆ "ಅದು ಏಜೆನ್ಸಿಯ ಕೆಲಸ" ಎನ್ನುತ್ತದೆ, ಏಜೆನ್ಸಿ ಕೇಳಿದರೆ "ಕೌನ್ಸಿಲ್ ಕೊಟ್ಟ ದುಡ್ಡಿಗೆ ಇಷ್ಟೇ" ಎನ್ನುತ್ತದೆ. ಉತ್ತರ ಸರಳ. ಆರೈಕೆಯನ್ನು ಕೌನ್ಸಿಲ್ ಏರ್ಪಡಿಸಿದ್ದರೆ, ಅದಕ್ಕೆ ನೀವು ಎಷ್ಟೇ ಹಣ ಕೊಡುತ್ತಿದ್ದರೂ, ಏಜೆನ್ಸಿಯ ತಪ್ಪು ಕೌನ್ಸಿಲ್‌ನ ತಪ್ಪೇ. ಓಂಬುಡ್ಸ್‌ಮನ್ ಕೂಡ ಹಾಗೇ ನೋಡುತ್ತಾರೆ. ಕೌನ್ಸಿಲ್‌ಗೆ ಬರೆಯಿರಿ, ಏಜೆನ್ಸಿಗೆ ಪ್ರತಿ ಕಳಿಸಿ.

ಉಳಿತಾಯ 23,250 ಪೌಂಡ್‌ಗಿಂತ ಹೆಚ್ಚಿದ್ದು, ಕೌನ್ಸಿಲ್‌ನ ಹಂಗಿಲ್ಲದೆ ನೀವೇ ಏಜೆನ್ಸಿ ಹುಡುಕಿ ಇಟ್ಟುಕೊಂಡಿದ್ದರೆ ದಾರಿ ಬೇರೆ. ಮೊದಲು ಏಜೆನ್ಸಿಗೆ, ಅಲ್ಲಿಂದ ನೇರ ಓಂಬುಡ್ಸ್‌ಮನ್‌ಗೆ. 2010ರಿಂದ ಸ್ವಂತ ಹಣದಲ್ಲಿ ಆರೈಕೆ ಪಡೆಯುವವರಿಗೂ ಆ ಬಾಗಿಲು ತೆರೆದಿದೆ.

ಡಿಸ್ಟ್ರಿಕ್ಟ್ ನರ್ಸ್, ಆಸ್ಪತ್ರೆಯ ಡಿಸ್ಚಾರ್ಜ್, ಜಿಪಿ ಇವೆಲ್ಲ ಎನ್‌ಎಚ್‌ಎಸ್. ಅತ್ತೆಯ ಹಾಗೆ ಎರಡೂ ಕಡೆಯ ಸೇವೆ ಕಲಸಿಹೋಗಿದ್ದರೆ ಎರಡು ದೂರು ಬೇಡ, ಒಂದೇ ಪತ್ರ ಬರೆದು "ಎರಡೂ ಸಂಸ್ಥೆ ಸೇರಿ ಒಂದೇ ಉತ್ತರ ಕೊಡಿ" ಎನ್ನಬಹುದು. ಹಾಗೆ ಸಹಕರಿಸಬೇಕೆಂಬುದು ನಿಯಮದಲ್ಲೇ ಇದೆ.

ಸಿಕ್ಯುಸಿ ಅಂದರೆ ಕೇರ್ ಸಂಸ್ಥೆಗಳ ತಪಾಸಣೆ ಮಾಡುವ ಕೇರ್ ಕ್ವಾಲಿಟಿ ಕಮಿಷನ್ ನಿಮ್ಮೊಬ್ಬರ ದೂರನ್ನು ಬಿಡಿಸಿ ಕೊಡುವುದಿಲ್ಲ. ಆದರೆ ಅವರಿಗೂ ತಿಳಿಸಿ. ಯಾಕೆಂದು ಮುಂದೆ ಹೇಳುತ್ತೇನೆ.

ಲೆಕ್ಕ ಇಡಿ

"ಯಾವಾಗಲೂ ತಡ" ಎಂದು ಬರೆದರೆ "ತಡವಾಗಿದ್ದಕ್ಕೆ ವಿಷಾದ" ಎಂಬ ಉತ್ತರ ಬರುತ್ತದೆ. ಅತ್ತೆಯ ಪೆನ್ಸಿಲ್ ಅಂಕಿಗಳು ಬೇರೆಯೇ ಕೆಲಸ ಮಾಡಿದವು. ಆರು ವಾರ, 42 ಬೆಳಗುಗಳು. ಅದರಲ್ಲಿ 31 ದಿನ ಒಂಬತ್ತೂವರೆ ದಾಟಿದ ಮೇಲೆ ಬಂದಿದ್ದಾರೆ, ಒಂದೇ ಒಂದು ದಿನವೂ 45 ನಿಮಿಷ ಇದ್ದಿಲ್ಲ. ಇನ್‌ವಾಯ್ಸಿನಲ್ಲಿ ಮಾತ್ರ 42 ಸಲವೂ 45 ನಿಮಿಷ.

ಕೇರರ್ ಬರೆದಿಡುವ ಲಾಗ್ ಬುಕ್ಕಿನ ಪುಟಗಳ ಫೋಟೋ ಫೋನಿನಲ್ಲಿ ತೆಗೆದುಕೊಂಡೆ. ಅಲ್ಲಿ ಪ್ರತಿ ದಿನ ಒಂದೇ ಸಾಲು: ಸ್ನಾನ ಆಯಿತು, ತಿಂಡಿ ಆಯಿತು, ಖುಷಿಯಾಗಿದ್ದಾರೆ. ಹದಿನೈದು ನಿಮಿಷದಲ್ಲಿ ಎಂಬತ್ತನಾಲ್ಕರ ಮಂಡಿನೋವಿನ ಹೆಂಗಸಿಗೆ ಸ್ನಾನ ಮಾಡಿಸುವ ವಿದ್ಯೆ ನಮಗೂ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು.

ಹೆಚ್ಚಿನ ಏಜೆನ್ಸಿಗಳ ಕೇರರ್‌ಗಳು ಬಂದಾಗ, ಹೋಗುವಾಗ ಫೋನಿನಲ್ಲಿ ಲಾಗ್-ಇನ್, ಲಾಗ್-ಔಟ್ ಮಾಡುತ್ತಾರೆ. ಆ ದಾಖಲೆ ನಿಮ್ಮ ಮನೆಯವರ ಬಗ್ಗೆಯ ಮಾಹಿತಿ, ಕೇಳುವ ಹಕ್ಕಿದೆ. ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಎಂದು ಬರೆದರೆ ಸಾಕು. ಶುಲ್ಕವಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಅಸೆಸ್‌ಮೆಂಟ್, ಕೇರ್ ಪ್ಲಾನ್, ಸೋಶಿಯಲ್ ವರ್ಕರ್‌ನ ಕೇಸ್ ನೋಟ್ಸ್, ವಿಸಿಟ್ ಸಮಯದ ದಾಖಲೆ ಎಂದು ನಾಲ್ಕನ್ನೂ ಹೆಸರಿಸಿ ಕೇಳಿ. ನಮ್ಮದು ಬಂದಾಗ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿದೆವು. ಅತ್ತೆಯ ಗಡಿಯಾರಕ್ಕೂ ಕಂಪ್ಯೂಟರಿಗೂ ಎರಡು ಮೂರು ನಿಮಿಷದ ವ್ಯತ್ಯಾಸ. ಅಂದರೆ ನಿಜವಾದ ಸಮಯ ಅವರ ಹತ್ತಿರವೇ ಇತ್ತು, ಬಿಲ್ ಮಾಡುವವರು ಅದನ್ನು ನೋಡುತ್ತಿರಲಿಲ್ಲ.

ಹುಡುಗಿಯನ್ನು ಬಿಡಿ, ರೋಟಾ ಹಿಡಿಯಿರಿ

ಒಂದು ಶನಿವಾರ ನಾನು ಮನೆಯಲ್ಲಿದ್ದಾಗ ಆ ಕೇರರ್ ಹುಡುಗಿಗೆ ಚಹ ಕೊಟ್ಟು ಕೂರಿಸಿದೆ. ಕೂರಲಿಲ್ಲ, ನಿಂತೇ ಕುಡಿದಳು. ತನ್ನ ಫೋನ್ ತೋರಿಸಿದಳು. ಹಿಂದಿನ ಮನೆಯ ಕೆಲಸ ಎಂಟಕ್ಕೆ ಮುಗಿಯುತ್ತದೆ, ನಮ್ಮದು ಎಂಟಕ್ಕೆ ಶುರು. ನಡುವೆ ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷದ ದಾರಿ. ರೋಟಾದಲ್ಲಿ, ಅಂದರೆ ಯಾರ ಮನೆಗೆ ಎಷ್ಟೊತ್ತಿಗೆ ಎಂಬ ಪಟ್ಟಿಯಲ್ಲಿ, ಆ ಇಪ್ಪತ್ತೈದು ನಿಮಿಷ ಎಲ್ಲೂ ಇಲ್ಲ. ಬೆಳಿಗ್ಗೆ ಆರೂಮುಕ್ಕಾಲಿಗೆ ಶುರುವಾದ ತಡ ಮನೆಯಿಂದ ಮನೆಗೆ ಬೆಳೆಯುತ್ತ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಗಂಟೆಯಾಗಿರುತ್ತಿತ್ತು.

ನನ್ನ ಮೊದಲ ಫೋನು ಇಂಥವಳ ಮೇಲೆ ಬಿದ್ದಿತ್ತು. ಅವಳಿಗೆ ಬೈಗುಳ ಸಿಕ್ಕಿ, ಮೂರು ದಿನ ಬೇರೆ ಯಾರದೋ ಮನೆಯ ನಿಮಿಷ ಕದ್ದು ನಮ್ಮ ಮನೆಗೆ ಸುರಿದಿದ್ದಳು. ದೂರಿನಲ್ಲಿ ವ್ಯಕ್ತಿಯ ಹೆಸರು ಬರೆದರೆ ವ್ಯಕ್ತಿಗೆ "ಟ್ರೇನಿಂಗ್" ಕೊಟ್ಟು ಕಡತ ಮುಚ್ಚುತ್ತಾರೆ. ರೋಟಾ, ಬಿಲ್ಲಿಂಗ್, ಕಾಂಟ್ರ್ಯಾಕ್ಟ್ ಎಂದು ಬರೆದರೆ ಉತ್ತರ ಕೊಡಬೇಕಾದವರು ಮೇಲಿನ ಕುರ್ಚಿಯವರು. ಹಿಂಸೆ, ಕಳ್ಳತನ ಬೇರೆ ಮಾತು, ಅಲ್ಲಿ ಹೆಸರು ಹೇಳಲೇಬೇಕು.

ಪತ್ರ

2009ರಲ್ಲಿ ಬಂದ ರೆಗ್ಯುಲೇಷನ್ಸ್ ಇಂಗ್ಲೆಂಡಿನ ಎಲ್ಲ ಕೌನ್ಸಿಲ್‌ಗಳ ಅಡಲ್ಟ್ ಸೋಶಿಯಲ್ ಕೇರ್ ದೂರುಗಳಿಗೂ, ಎನ್‌ಎಚ್‌ಎಸ್ ದೂರುಗಳಿಗೂ ಒಂದೇ ಚೌಕಟ್ಟು ಹಾಕಿದೆ. ಇದನ್ನು ಪತ್ರದ ಮೊದಲ ಸಾಲಲ್ಲೇ ಹೇಳಿ: "ಇದನ್ನು 2009ರ ಕಂಪ್ಲೇಂಟ್ಸ್ ರೆಗ್ಯುಲೇಷನ್ಸ್ ಅಡಿ ದೂರಾಗಿ ದಾಖಲಿಸಿ." ಇಲ್ಲದಿದ್ದರೆ ನಿಮ್ಮ ಇಮೇಲ್ "ಫೀಡ್‌ಬ್ಯಾಕ್", "ಕನ್ಸರ್ನ್" ಎಂಬ ಡಬ್ಬಿಗೆ ಬೀಳಬಹುದು. ಬಾಯಿಮಾತಿನ ದೂರು ಮುಂದಿನ ಕೆಲಸದ ದಿನದೊಳಗೆ ನಿಮಗೆ ಸಮಾಧಾನವಾಗುವಂತೆ ಮುಗಿದರೆ ಅದು ಈ ನಿಯಮಕ್ಕೇ ಸೇರುವುದಿಲ್ಲ. ನನ್ನ ಮೊದಲ ಫೋನಿನ ಗತಿ ಅದೇ ಆಗಿತ್ತು.

ಘಟನೆ ನಡೆದು ಅಥವಾ ನಿಮಗೆ ಗೊತ್ತಾಗಿ 12 ತಿಂಗಳೊಳಗೆ ಬರೆಯಬೇಕು. ತಡವಾಗಿದ್ದರೆ ಸರಿಯಾದ ಕಾರಣ ಕೊಡಿ, ಒಪ್ಪುವುದುಂಟು. ಇಂಗ್ಲಿಷ್ ಬರೆಯಲು ಬಾರದ ಹಿರಿಯರು ಬಾಯಲ್ಲೇ ಹೇಳಬಹುದು. ಆಗ ಕೌನ್ಸಿಲ್ ಅದನ್ನು ಬರೆದುಕೊಂಡು ಒಂದು ಪ್ರತಿಯನ್ನು ಅವರಿಗೆ ಕೊಡಬೇಕು. ಕನ್ನಡದ ಇಂಟರ್‌ಪ್ರೆಟರ್ ಬೇಕೆಂದು ಕೇಳಲು ಸಂಕೋಚ ಬೇಡ. "ಹಿಂದಿಯವರು ಇದ್ದಾರೆ, ನಡೆಯುತ್ತಾ?" ಎಂದು ಕೇಳಿದರೆ ನಡೆಯುವುದಿಲ್ಲ ಎನ್ನಿ.

ಅಪ್ಪ ಅಮ್ಮನ ಪರವಾಗಿ ನೀವು ಬರೆಯುವುದಾದರೆ ಅವರ ಸಹಿ ಇರುವ ಒಪ್ಪಿಗೆ ಚೀಟಿ ಲಗತ್ತಿಸಿ. ಮರೆವಿನ ಕಾಯಿಲೆಯಿಂದ ಒಪ್ಪಿಗೆ ಕೊಡಲಾರದ ಸ್ಥಿತಿಯಿದ್ದರೆ, ಅವರ ಹಿತಕ್ಕಾಗಿ ನೀವು ಬರೆಯಬಹುದು. ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ (ಅವರ ಪರವಾಗಿ ನಿರ್ಧರಿಸಲು ಕೊಟ್ಟ ಅಧಿಕಾರ ಪತ್ರ) ಇದ್ದರೆ ಪ್ರತಿ ಇಡಿ. ತೀರಿಕೊಂಡವರ ಪರವಾಗಿಯೂ ದೂರು ಕೊಡಬಹುದು, ಇದು ಬಹಳ ಜನರಿಗೆ ಗೊತ್ತಿಲ್ಲ.

ಪತ್ರ ಎರಡು ಪುಟ ಮೀರದಿರಲಿ. ಆರಂಭದಲ್ಲಿ ಏನು ಆಗಬೇಕಿತ್ತು, ಏನು ಆಯಿತು ಎನ್ನುವುದು ತಾರೀಕಿನ ಸಮೇತ. ಆಮೇಲೆ ಅದರಿಂದ ಆದದ್ದು. ಇಲ್ಲಿ ನಮ್ಮವರು ಮರ್ಯಾದೆಗೆ ಅಂಜಿ ಮೊಟಕು ಮಾಡುತ್ತಾರೆ. ಅತ್ತೆ ಒಂದು ದಿನ ಹಸಿವಿನಲ್ಲಿ ತಲೆಸುತ್ತಿ ಸಿಂಕ್ ಹಿಡಿದುಕೊಂಡು ಕೂತಿದ್ದರು, ಇನ್ನೊಂದು ದಿನ ಒದ್ದೆ ಬಟ್ಟೆಯಲ್ಲೇ ಎರಡು ಗಂಟೆ ಕಳೆದಿದ್ದರು. ಎರಡನೆಯದನ್ನು ಬರೆಯಬೇಡ ಅಂದರು. "ಬರೀತೀನಿ ಅತ್ತೆ, ನೀವು ಓದಬೇಡಿ" ಅಂದೆ. ಉತ್ತರ ಬರೆದ ಅಧಿಕಾರಿ ಎರಡು ಸಲ ಎತ್ತಿ ಹೇಳಿದ್ದು ಅದನ್ನೇ.

ಕೊನೆಗೆ, ನೀವು ಏನು ಕೇಳುತ್ತೀರಿ. ಇಲ್ಲಿ ಎರಡು ಪಟ್ಟಿ ಮಾಡಿ, ಬೇರೆ ಬೇರೆ. ಒಂದು ನಿಮ್ಮ ಮನೆಗೆ: ಕ್ಷಮಾಪಣೆ, ಕೊಡದ ನಿಮಿಷಗಳ ಹಣ ವಾಪಸ್, ಮತ್ತೆ ಅಸೆಸ್‌ಮೆಂಟ್. ಇನ್ನೊಂದು ವ್ಯವಸ್ಥೆಗೆ. ನಾನು ಕೇಳಿದ ಪ್ರಶ್ನೆಗಳು ಇವು, ಇಂಗ್ಲಿಷಿನಲ್ಲಿ ನಿಮ್ಮ ಮಾತಲ್ಲಿ ಬರೆದುಕೊಳ್ಳಿ:

- ಇದು ಆಗಲು ಕಾರಣವೇನು? ರೋಟಾದಲ್ಲಿ ಪ್ರಯಾಣದ ಸಮಯ ಯಾಕಿಲ್ಲ?
- ಇದೇ ಏಜೆನ್ಸಿಯ ಬೇರೆ ಮನೆಗಳಲ್ಲಿ ಹೀಗೇ ಆಗಿದೆಯೇ ಎಂದು ನೋಡಿದ್ದೀರಾ? ನೋಡದಿದ್ದರೆ ಯಾವಾಗ ನೋಡುತ್ತೀರಿ?
- ಬಿಲ್ಲು ಯೋಜಿಸಿದ ಸಮಯಕ್ಕೋ, ಕೊಟ್ಟ ಸಮಯಕ್ಕೋ? ಅದನ್ನು ಬದಲಾಯಿಸುವ ಹೊಣೆ ಯಾವ ಹುದ್ದೆಯವರದು?
- ಬದಲಾವಣೆ ಯಾವ ತಾರೀಕಿನೊಳಗೆ, ಅದು ಆಗಿದೆ ಎಂಬುದನ್ನು ನನಗೆ ಹೇಗೆ ತೋರಿಸುತ್ತೀರಿ?

ಎರಡನೆಯ ಪ್ರಶ್ನೆಯನ್ನು ಎಂದೂ ಬಿಡಬೇಡಿ. ಒಂದು ಮನೆಯ ದೂರು ಊರಿನ ವಿಷಯವಾಗುವುದು ಅಲ್ಲಿಂದಲೇ.

ದೂರು ಮುಗಿಯುವವರೆಗೆ ಬಿಲ್ ಪೂರ್ತಿ ನಿಲ್ಲಿಸುವ ಆಸೆ ಬರುತ್ತದೆ. ನಿಲ್ಲಿಸಬೇಡಿ. ಬಾಕಿಯಾದರೆ ವಸೂಲಿ ಪತ್ರ ಬೇರೆ ಬರುತ್ತದೆ, ಮೂಲ ವಿಷಯ ಮರೆತುಹೋಗುತ್ತದೆ. ತಕರಾರಿಲ್ಲದ ಮೊತ್ತ ಕಟ್ಟಿ, ಉಳಿದದ್ದು ಯಾಕೆ ತಕರಾರು ಎಂದು ಬರೆದಿಡಿ.

ಇನ್ನು "ನೀರಲ್ಲಿದ್ದುಕೊಂಡು ಮೊಸಳೆ ಜೊತೆ ಜಗಳ ಯಾಕೆ" ಎನ್ನುವವರಿಗೆ. ಆ ಭಯ ಸುಳ್ಳಲ್ಲ. ನಮ್ಮ ಮನೆಯಲ್ಲೂ ಎರಡು ವಾರ ಅದೇ ಚರ್ಚೆ. ಆದರೆ ದೂರು ಕೊಟ್ಟಿದ್ದಕ್ಕೆ ಸೇವೆಯಲ್ಲಿ ತಾರತಮ್ಯ ಮಾಡುವಂತಿಲ್ಲ, ಮಾಡಿದರೆ ಅದೇ ಮೊದಲಿಗಿಂತ ದೊಡ್ಡ ದೂರು. ಪತ್ರದಲ್ಲಿ ಒಂದು ಸಾಲು ಹಾಕಿ: ದೂರಿನಿಂದ ಸೇವೆಗೆ ತೊಂದರೆಯಾಗದಂತೆ ಏನು ಮಾಡುತ್ತೀರಿ?

ಕಳಿಸಿದ ಮೇಲೆ

ಮೂರು ಕೆಲಸದ ದಿನಗಳೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು. ಅದರ ಜೊತೆ, ಹೇಗೆ ವಿಚಾರಿಸುತ್ತೇವೆ, ಎಷ್ಟು ಸಮಯ ಬೇಕು ಎಂದು ನಿಮ್ಮೊಡನೆ ಮಾತಾಡಲು ಕರೆಯಬೇಕು. ಆ ಮಾತುಕತೆಗೆ ಹೋಗಿ. ಹೋಗದಿದ್ದರೆ ಅವಧಿಯನ್ನು ಅವರೇ ಗೊತ್ತುಮಾಡುತ್ತಾರೆ. ಫೋನಿನಲ್ಲಿ ಮಾತಾಡಿದರೆ ಅವತ್ತು ಸಂಜೆಯೇ "ನಾವು ಒಪ್ಪಿಕೊಂಡಿದ್ದು ಇಷ್ಟು" ಎಂದು ಇಮೇಲ್ ಹಾಕಿ.

ಹೊರಗಿನ ಗಡುವು ಆರು ತಿಂಗಳು. ಮೀರಿದರೆ ಕಾರಣ ಬರೆದು ತಿಳಿಸಬೇಕು. ನಮಗೆ ಹತ್ತು ವಾರ ಹಿಡಿಯಿತು, ಅದರಲ್ಲಿ ಮೂರು ವಾರ ಯಾರೋ ರಜೆಯಲ್ಲಿದ್ದರು.

ಉತ್ತರವನ್ನು ಓದುವುದು

ಪತ್ರ ಬರೆಯುವುದಕ್ಕಿಂತ ಇದು ಕಷ್ಟ. ಕೌನ್ಸಿಲ್ ಇಂಗ್ಲಿಷ್ ಬಹಳ ಮೆತ್ತಗಿರುತ್ತದೆ, ಓದುತ್ತ ಓದುತ್ತ ಮನಸ್ಸು ಕರಗಿ "ಪಾಪ, ಇಷ್ಟಾದರೂ ಬರೆದರಲ್ಲ" ಅನ್ನಿಸಿಬಿಡುತ್ತದೆ. ನಿಯಮದ ಪ್ರಕಾರ ಉತ್ತರದಲ್ಲಿ ದೂರನ್ನು ಹೇಗೆ ಪರಿಶೀಲಿಸಿದರು, ಏನು ತೀರ್ಮಾನ, ಏನನ್ನು ಸರಿಪಡಿಸಬೇಕು, ಅದು ಆಗಿದೆಯೇ ಅಥವಾ ಆಗಲಿದೆಯೇ ಎಂಬುದು ಇರಬೇಕು. ಓಂಬುಡ್ಸ್‌ಮನ್‌ಗೆ ಹೋಗುವ ಹಕ್ಕಿನ ಮಾತೂ ಇರಬೇಕು. ಹೈಲೈಟರ್ ಹಿಡಿದು ಕೂತು ಇವನ್ನು ಹುಡುಕಿ.

ನಮಗೆ ಬಂದ ಮೊದಲ ಉತ್ತರದಲ್ಲಿ "ಸಿಬ್ಬಂದಿಗೆ ಸಮಯಪಾಲನೆಯ ಮಹತ್ವವನ್ನು ನೆನಪಿಸಲಾಗಿದೆ" ಎಂಬ ಸಾಲಿತ್ತು. ಈ "ನೆನಪಿಸಲಾಗಿದೆ" ಎಂಬುದು ಎಲ್ಲ ಕೌನ್ಸಿಲ್‌ಗಳಿಗೂ ಪ್ರಿಯವಾದ ಮಾತು. ನೆನಪಿಸುವುದರಿಂದ ಬಸ್ಸಿನ ದಾರಿ ಗಿಡ್ಡವಾಗುವುದಿಲ್ಲ. "ಪರಿಶೀಲಿಸಲಾಗುವುದು", "ಪಾಠ ಕಲಿತಿದ್ದೇವೆ" ಕೂಡ ಇದೇ ಜಾತಿಯವು. ಗಟ್ಟಿ ಮಾತಿಗೆ ಮೂರು ಗುರುತು: ಮಾಡುವ ಹುದ್ದೆ, ಮುಗಿಯುವ ತಾರೀಕು, ಆಗಿದೆ ಎಂದು ತೋರಿಸುವ ಕಾಗದ. ಒಂದು ಕಡಿಮೆಯಿದ್ದರೂ ವಾಪಸ್ ಬರೆಯಿರಿ.

ನಾನು ಐದು ಸಾಲು ಬರೆದೆ. ಯಾರು ನೆನಪಿಸಿದರು, ರೋಟಾ ಬದಲಾಗಿದೆಯೇ, ಬಿಲ್ಲಿಂಗ್ ಬಗ್ಗೆ ಉತ್ತರವೇ ಇಲ್ಲವಲ್ಲ. ಎರಡನೆಯ ಉತ್ತರ ಬೇರೆ ಅಧಿಕಾರಿಯಿಂದ ಬಂತು, ಕಾಂಟ್ರ್ಯಾಕ್ಟ್ ನೋಡುವ ವಿಭಾಗದವರು. ಇನ್ನು ಮುಂದೆ ದಾಖಲಾದ ನಿಮಿಷಗಳಿಗಷ್ಟೇ ಬಿಲ್, ಅರ್ಧ ಗಂಟೆಗಿಂತ ತಡವಾದರೆ ಏಜೆನ್ಸಿ ಮನೆಗೆ ಫೋನ್ ಮಾಡಬೇಕು, ರೋಟಾದಲ್ಲಿ ಪ್ರಯಾಣದ ಸಮಯ ತೋರಿಸಬೇಕು, ಮೂರು ತಿಂಗಳ ಮೇಲೆ ಪರಿಶೀಲನೆ. ಮೊದಲ ಉತ್ತರಕ್ಕೇ ಥ್ಯಾಂಕ್ಸ್ ಹೇಳಿ ಮುಗಿಸಿದ್ದರೆ ಇದ್ಯಾವುದೂ ಬರುತ್ತಿರಲಿಲ್ಲ.

ಓಂಬುಡ್ಸ್‌ಮನ್

ಕೌನ್ಸಿಲ್ ಕೊನೆಯ ಉತ್ತರ ಕೊಟ್ಟರೂ ಒಪ್ಪಿಗೆಯಾಗದಿದ್ದರೆ, ಅಥವಾ ಉತ್ತರವನ್ನೇ ಕೊಡದೆ ಎಳೆದರೆ, ಲೋಕಲ್ ಗವರ್ನಮೆಂಟ್ ಅಂಡ್ ಸೋಶಿಯಲ್ ಕೇರ್ ಓಂಬುಡ್ಸ್‌ಮನ್. 1974ರ ಕಾನೂನಿನಿಂದ ಹುಟ್ಟಿದ ಸಂಸ್ಥೆ, ಈ ಹೆಸರು ಬಂದಿದ್ದು 2017ರಲ್ಲಿ. ಶುಲ್ಕವಿಲ್ಲ, ವಕೀಲರು ಬೇಡ, ಎಂಪಿಯ ಶಿಫಾರಸೂ ಬೇಡ. ನಮ್ಮ ಕಡೆಯವರಿಗೆ ಕೊನೆಯದನ್ನು ನಂಬುವುದೇ ಕಷ್ಟ. ಇಲ್ಲೂ 12 ತಿಂಗಳ ಗಡುವಿದೆ.

ಅವರು ಏನು ಮಾಡುವುದಿಲ್ಲ ಎಂಬುದನ್ನು ಮೊದಲು ತಿಳಿಯಿರಿ. ಸೋಶಿಯಲ್ ವರ್ಕರ್ ಸರಿಯಾದ ಕ್ರಮದಲ್ಲಿ ನೋಡಿ "ವಾರಕ್ಕೆ ಹತ್ತು ಗಂಟೆ ಸಾಕು" ಎಂದಿದ್ದರೆ, ನಿಮಗೆ ಹದಿನಾಲ್ಕು ಬೇಕೆನ್ನಿಸಿದೆ ಎಂಬ ಕಾರಣಕ್ಕೆ ಅದನ್ನು ತಿದ್ದುವುದಿಲ್ಲ. ಕ್ರಮದಲ್ಲಿ ತಪ್ಪಾಗಿದೆಯೇ, ಅದರಿಂದ ನಿಮಗೆ ಅನ್ಯಾಯವಾಗಿದೆಯೇ ಎಂದು ನೋಡುತ್ತಾರೆ. ಅನ್ಯಾಯ ಚಿಕ್ಕದೆನಿಸಿದರೆ ವಿಚಾರಣೆಗೇ ತೆಗೆದುಕೊಳ್ಳದೆ ಮುಚ್ಚುವುದೂ ಉಂಟು. ದೊಡ್ಡ ಪರಿಹಾರದ ನಿರೀಕ್ಷೆ ಬೇಡ. ಮನಸ್ಸಿನ ನೋವಿಗೆ ಕೊಡಿಸುವುದು ಸಾಮಾನ್ಯವಾಗಿ ನೂರರ ಲೆಕ್ಕದ ಪೌಂಡ್‌ಗಳು, ಸಾವಿರದ ಲೆಕ್ಕದ್ದಲ್ಲ. ತಪ್ಪಾಗಿ ಕಟ್ಟಿಸಿಕೊಂಡ ಹಣ ಬೇರೆ, ಅದು ಪೂರ್ತಿ ಬರಬಹುದು.

ಅವರ ನಿಜವಾದ ಶಕ್ತಿ ಬೇರೆ ಕಡೆ ಇದೆ. ತಪ್ಪು ಕಂಡರೆ ನಿಮಗೆ ಪರಿಹಾರ ಸೂಚಿಸುವುದರ ಜೊತೆ ಸೇವೆಯ ಸುಧಾರಣೆಯನ್ನೂ ಸೂಚಿಸುತ್ತಾರೆ: ನೀತಿ ತಿದ್ದಿ, ತರಬೇತಿ ಕೊಡಿ, ಇಂಥದ್ದೇ ಬೇರೆ ಕೇಸುಗಳನ್ನು ಹಿಂದಿನಿಂದ ತೆಗೆದು ನೋಡಿ. ವಿಚಾರಣೆಯ ನಡುವೆ ಬೇರೆಯವರಿಗೂ ಅನ್ಯಾಯವಾಗಿರುವ ಸುಳಿವು ಸಿಕ್ಕರೆ ಅವರು ದೂರು ಕೊಡದಿದ್ದರೂ ವಿಚಾರಣೆಯನ್ನು ಹಿಗ್ಗಿಸುವ ಅಧಿಕಾರ ಕಾನೂನಿನಲ್ಲಿದೆ. ಸೂಚನೆಗಳನ್ನು ಕೌನ್ಸಿಲ್ ಪಾಲಿಸಲೇಬೇಕೆಂಬ ಕಡ್ಡಾಯವಿಲ್ಲ, ಆದರೂ ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಸಲ ಪಾಲಿಸಿವೆ. ಪಾಲಿಸಿದ್ದಕ್ಕೆ ಪುರಾವೆಯನ್ನು ಓಂಬುಡ್ಸ್‌ಮನ್ ಕೇಳಿ ತರಿಸಿಕೊಳ್ಳುತ್ತಾರೆ.

ಗಂಭೀರ ವಿಷಯಗಳಲ್ಲಿ ಸಾರ್ವಜನಿಕ ವರದಿ ಹೊರಡಿಸುತ್ತಾರೆ. ಆಗ ಕೌನ್ಸಿಲ್ ಅದರ ಬಗ್ಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಮೂರು ತಿಂಗಳೊಳಗೆ ಚರ್ಚಿಸಿ ಏನು ಮಾಡುತ್ತೇವೆಂದು ಹೇಳಬೇಕು. ಕೌನ್ಸಿಲರ್‌ಗಳಿಗೆ ಇದಕ್ಕಿಂತ ಮುಜುಗರದ ಸಂಗತಿ ಕಡಿಮೆ.

ಬರೆಯುವ ಮೊದಲು ಒಂದು ಕೆಲಸ ಮಾಡಿ. ಓಂಬುಡ್ಸ್‌ಮನ್ ತೀರ್ಪುಗಳಲ್ಲಿ ಹೆಚ್ಚಿನವು ಜನರ ಹೆಸರು ತೆಗೆದು ಅವರ ವೆಬ್‌ಸೈಟಿನಲ್ಲಿರುತ್ತವೆ. ನಿಮ್ಮ ಕೌನ್ಸಿಲ್ ಹೆಸರು ಹಾಕಿ ಹುಡುಕಿ. ನಿಮ್ಮಂಥದ್ದೇ ಕೇಸಿನಲ್ಲಿ ಎರಡು ವರ್ಷದ ಹಿಂದೆ "ಸರಿಪಡಿಸುತ್ತೇವೆ" ಎಂದು ಒಪ್ಪಿಕೊಂಡಿದ್ದು ಸಿಕ್ಕರೆ, ಆ ತೀರ್ಪಿನ ನಂಬರನ್ನು ನಿಮ್ಮ ಪತ್ರದಲ್ಲಿ ಹಾಕಿ. ಸಿಟ್ಟಿನ ಹತ್ತು ಪ್ಯಾರಾಗಿಂತ ಆ ನಂಬರು ಹೆಚ್ಚು ಕೆಲಸ ಮಾಡುತ್ತದೆ.

ಬರೆಯಲು ನೆರವು ಬೇಕಾದವರಿಗೆ ಏಜ್ ಯುಕೆ, ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಗಳಿವೆ. ವಯಸ್ಸಾದ ತಂದೆ ತಾಯಿಯನ್ನು ಸ್ಪಾನ್ಸರ್ ಮಾಡಿ ವೀಸಾದಲ್ಲಿ ಕರೆಸಿಕೊಂಡಿರುವವರು ಕೌನ್ಸಿಲ್ ಸೇವೆ ಕೇಳುವ ಮೊದಲೇ ಅಲ್ಲಿ ಸಲಹೆ ಪಡೆಯುವುದು ಒಳ್ಳೆಯದು, ಅವರ ಖರ್ಚು ನಮ್ಮದು ಎಂದು ನೀವು ಸಹಿ ಹಾಕಿದ ಮುಚ್ಚಳಿಕೆಯ ಪ್ರಶ್ನೆ ಬರುತ್ತದೆ.

ದೂರು ಒಳಗೆ ಎಲ್ಲೆಲ್ಲಿ ಓಡಾಡುತ್ತದೆ

2009ರ ನಿಯಮಗಳಲ್ಲಿ ನನಗೆ ಇಷ್ಟವಾದದ್ದು 18ನೆಯದು. ಪ್ರತಿ ಕೌನ್ಸಿಲ್ ಪ್ರತಿ ವರ್ಷ ಒಂದು ವರದಿ ಬರೆಯಬೇಕು. ಎಷ್ಟು ದೂರು ಬಂದವು, ಎಷ್ಟರಲ್ಲಿ ಹುರುಳಿತ್ತು, ಎಷ್ಟು ಓಂಬುಡ್ಸ್‌ಮನ್‌ಗೆ ಹೋದವು, ಯಾವ ವಿಷಯದವು, ಅವುಗಳಿಂದ ಸೇವೆಯಲ್ಲಿ ಏನು ಬದಲಾಯಿಸಿದರು. ಕೇಳಿದವರಿಗೆ ಯಾರಿಗಾದರೂ ಕೊಡಬೇಕು. ಬಹಳ ಕಡೆ ಇದು ಅಡಲ್ಟ್ ಕೇರ್ ನೋಡುವ ಸ್ಕ್ರೂಟಿನಿ ಕಮಿಟಿಯ (ಕೌನ್ಸಿಲ್ ಕೆಲಸವನ್ನು ಪರಿಶೀಲಿಸುವ ಕೌನ್ಸಿಲರ್‌ಗಳ ಸಮಿತಿಯ) ಮುಂದೆ ಬರುತ್ತದೆ, ಅದರ ಕಾಗದಗಳು ಕೌನ್ಸಿಲ್ ವೆಬ್‌ಸೈಟಿನಲ್ಲಿರುತ್ತವೆ. ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಬರೆಯಲು ಸರಿಯಾದ ಹೊತ್ತು ಆ ಸಭೆಗೆ ಎರಡು ವಾರ ಮೊದಲು. ದೂರು ಕೊಟ್ಟ ದಿನವೇ ಬರೆದರೆ ಅವರು ಅದನ್ನು ಅಧಿಕಾರಿಗೆ ಫಾರ್ವರ್ಡ್ ಮಾಡಿ ಮರೆಯುತ್ತಾರೆ. ವರದಿ ಕೈಯಲ್ಲಿರುವಾಗ ಕೇಳಲು ಅವರಿಗೂ ಒಂದು ಪ್ರಶ್ನೆ ಸಿಗುತ್ತದೆ.

ಮರುವರ್ಷದ ವರದಿಯಲ್ಲಿ ನಮ್ಮದು ಕಂಡಿತು. ಒಂದೂವರೆ ಸಾಲು: ಒಂದು ದೂರಿನ ನಂತರ ಮನೆ ಆರೈಕೆಯ ಬಿಲ್ಲಿಂಗ್ ಅನ್ನು ನಿಜವಾಗಿ ಕೊಟ್ಟ ಸಮಯಕ್ಕೆ ಬದಲಾಯಿಸಲಾಗಿದೆ. ಅತ್ತೆಗೆ ಓದಿ ಹೇಳಿದೆ. "ಕ್ಯಾಲೆಂಡರ್ ವಿಷಯ ಬರದಿಲ್ವಾ?" ಎಂದು ಕೇಳಿದರು.

ಸಿಕ್ಯುಸಿಗೂ ತಿಳಿಸಿ ಎಂದಿದ್ದೆನಲ್ಲ. ಏಜೆನ್ಸಿಯ ತಪಾಸಣೆಗೆ ಯಾವಾಗ ಹೋಗಬೇಕು, ಏನು ನೋಡಬೇಕು ಎಂದು ನಿರ್ಧರಿಸುವಾಗ ಅವರು ಇಂಥ ಮಾಹಿತಿ ಬಳಸುತ್ತಾರೆ. ದೂರನ್ನು ಸರಿಯಾಗಿ ನಿರ್ವಹಿಸುವುದು ಏಜೆನ್ಸಿಗಳ ಮೇಲಿರುವ ನಿಯಮಗಳಲ್ಲೇ ಒಂದು, 16ನೆಯದು. 2023ರ ಏಪ್ರಿಲ್‌ನಿಂದ ಕೇರ್ ಆಕ್ಟ್ ಕರ್ತವ್ಯಗಳನ್ನು ಕೌನ್ಸಿಲ್‌ಗಳು ಹೇಗೆ ನಡೆಸುತ್ತಿವೆ ಎಂದು ನೋಡುವ ಹೊಣೆಯೂ ಸಿಕ್ಯುಸಿಗೆ ಬಂದಿದೆ. ನಿಮ್ಮ ಎರಡು ಪ್ಯಾರಾ ಅವರ ಕಡತದಲ್ಲಿ ಇರಲಿ.

ಮೂರು ತಿಂಗಳ ಮೇಲೆ

ಉತ್ತರ ಬಂದ ದಿನವೇ ಫೋನಿನಲ್ಲಿ ಮೂರು ತಿಂಗಳ ಮುಂದಿನ ತಾರೀಕಿಗೆ ನೆನಪೋಲೆ ಹಾಕಿಕೊಳ್ಳಿ. ಆ ದಿನ ಕಂಪ್ಲೇಂಟ್ಸ್ ಮ್ಯಾನೇಜರ್‌ಗೆ ಇಮೇಲ್ ಮಾಡಿ. ಪ್ರತಿ ಕೌನ್ಸಿಲ್‌ನಲ್ಲೂ ಆ ಕೆಲಸಕ್ಕೆ ಒಬ್ಬರನ್ನು ನೇಮಿಸಿರಲೇಬೇಕು. ದೂರಿನ ರೆಫರೆನ್ಸ್ ನಂಬರ್ ಹಾಕಿ, ಒಪ್ಪಿಕೊಂಡ ಕೆಲಸಗಳನ್ನು ಒಂದೊಂದಾಗಿ ಬರೆದು, ಪ್ರತಿಯೊಂದರ ಮುಂದೆ ಆಗಿದೆಯೋ ಇಲ್ಲವೋ ತುಂಬಿಸಿ ಕಳಿಸಿ ಎನ್ನಿ. ನಮ್ಮದರಲ್ಲಿ ಎರಡು ಆಗಿತ್ತು. ತಡವಾದರೆ ಫೋನ್ ಮಾಡುವುದು ಮಾತ್ರ ಮೊದಲ ತಿಂಗಳು ನಡೆದು, ಏಜೆನ್ಸಿಯ ಮ್ಯಾನೇಜರ್ ಬದಲಾದ ಮೇಲೆ ನಿಂತುಹೋಗಿತ್ತು. ಆಗ ಮತ್ತೆ ಮೊದಲಿನಿಂದ ಕಥೆ ಹೇಳಬೇಕಿಲ್ಲ. ಹೊಸ ದೂರಿನಲ್ಲಿ ಹಳೆಯ ನಂಬರ್ ಹಾಕಿ "ಒಪ್ಪಿಕೊಂಡದ್ದನ್ನು ಪಾಲಿಸಿಲ್ಲ" ಎಂದಷ್ಟೇ ಬರೆದೆ. ಒಂದು ವಾರದಲ್ಲಿ ಉತ್ತರ ಬಂತು.